ಹಲಗೆಯ ಆಚೆ ತುದಿ

ಮಾರ್ಚ್ 3, ಸೋಮವಾರ

ಮರದ ಡಿಪೋದವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇಷ್ಟು ದಿನ ಅಂಟಿನ ಡಬ್ಬಿಯ ಕೆಳಗೆ ಮಲಗಿತ್ತು. ಇವತ್ತು ಎಬ್ಬಿಸಿದೆ. ಕಾರಣ ದೊಡ್ಡದೇನಲ್ಲ. ಬಲಗಣ್ಣಿನ ಹುಬ್ಬಿನ ಮೇಲೆ ಬೆಳಗಿನಿಂದ ನೋವು. ಒಳಗೆ ಯಾರೋ ಕೂತು ಚಿಕ್ಕ ಉಳಿಯಿಂದ ನಿಧಾನವಾಗಿ ಕೆತ್ತುತ್ತಿರುವ ಹಾಗಿದೆ. ಮಧ್ಯಾಹ್ನ ಕೆಲಸ ಬಿಟ್ಟು ಮನೆಯೊಳಗೆ ಬಂದು ಕೂತೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಕೈ, ಪೆನ್ನು ಹಿಡಿಯಿತು.

ಹೆಂಡತಿ ಕೇಳಿದಳು, "ಶುಗರ್ ಗುಳಿಗೆ ತಗೊಂಡ್ರಾ?"

"ತಗೊಂಡೆ" ಅಂದೆ. ತಗೊಂಡಿರಲಿಲ್ಲ. ಗುಳಿಗೆಯ ಪಟ್ಟಿ ಖಾಲಿಯಾಗಿ ಎಷ್ಟು ದಿನವಾಯಿತೋ. ಈ ಸಕ್ಕರೆ ಕಾಯಿಲೆ ನಮ್ಮ ಮನೆಗೆ ಬಂದ ಬಡಪಾಯಿ ನೆಂಟನ ಹಾಗೆ. ಕೂಗಾಡುವುದಿಲ್ಲ, ಊಟಕ್ಕೆ ಹೊತ್ತಾಯಿತು ಅನ್ನುವುದಿಲ್ಲ, ಮೂಲೆಯಲ್ಲಿ ಕೂತಿರುತ್ತದೆ. ಅಂಥವನನ್ನು ಯಾರು ದಿನಾ ವಿಚಾರಿಸುತ್ತಾರೆ.

ತಮ್ಮ ಬಾಗಿಲಲ್ಲಿ ಇಣುಕಿದ. ಮೈತುಂಬ ಗರಗಸದ ಪುಡಿ. "ಏನಣ್ಣ, ಲೆಕ್ಕ ಬರೀತಿದೀಯೋ, ನನ್ನ ಮೇಲೆ ಚಾಡಿ ಬರೀತಿದೀಯೋ?"

"ನಿನ್ನ ಚಾಡಿಗೆ ಈ ಒಂದು ಡೈರಿ ಎಲ್ಲಿ ಸಾಕಾಗುತ್ತೋ?"

"ಹಂಗಾದ್ರೆ ಸಣ್ಣ ಅಕ್ಷರದಲ್ಲಿ ಬರಿ" ಅಂದು ನಕ್ಕು ಹೋದ.

ಮದುವೆ ಬೇಡವೆಂದು ಕೂತವನು. ಕಾರ್ಖಾನೆಯ ಅಟ್ಟದಲ್ಲಿ ಮಲಗುತ್ತಾನೆ, ನಮ್ಮ ಮನೆಯಲ್ಲಿ ಉಣ್ಣುತ್ತಾನೆ. ಕಾರ್ಖಾನೆ ಅಂದರೆ ಮನೆಗೆ ಅಂಟಿಕೊಂಡ ದೊಡ್ಡ ತಗಡಿನ ಮಾಡು, ಅಷ್ಟೇ. ಮಷಿನ್ ಗರಗಸದ ಈಚೆ ನಿಂತು ನಾನು ಹಲಗೆ ನೂಕುತ್ತೇನೆ, ಆಚೆ ನಿಂತು ಅವನು ಎಳೆಯುತ್ತಾನೆ. ಮಾತು ಬೇಕಾಗಿಲ್ಲ. ನನ್ನ ತೋಳು ನೋಡಿದರೆ ಅವನಿಗೆ ಗೊತ್ತಾಗುತ್ತದೆ, ಅವನ ಹೆಗಲು ನೋಡಿದರೆ ನನಗೆ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಮುಖ ತೊಳೆಯಲು ಹೋದರೆ ನಲ್ಲಿಯ ಪಕ್ಕದಲ್ಲಿ ಇನ್ನೊಂದು ನಲ್ಲಿ. ಎರಡರಲ್ಲೂ ನೀರು ಬರುತ್ತಿದೆ. ಕೈ ಒಡ್ಡಿದೆ, ಕೈ ಒದ್ದೆಯಾಗಲಿಲ್ಲ. ಒಡ್ಡಿದ್ದು ಇಲ್ಲದ ನಲ್ಲಿಗೆ.

ತಿಂಡಿಗೆ ಕೂತಾಗ ಲೋಟಕ್ಕೆ ನೀರು ಬಗ್ಗಿಸಿದೆ. ನೆಲದ ಮೇಲೆ ಬಿತ್ತು. ಹೆಂಡತಿ ಒರೆಸುವ ಬಟ್ಟೆ ತಂದಳು. ಏನೂ ಕೇಳಲಿಲ್ಲ, ನೋಡಿದಳು. ಎದುರಿಗೆ ಇಬ್ಬರು ಹೆಂಡತಿಯರು ನಿಂತು ದುರುಗುಟ್ಟಿ ನೋಡಿದರೆ ಗಂಡಸು ತಲೆ ತಗ್ಗಿಸಲೇಬೇಕು.

ಹೆದರಿಕೆಯಾಯಿತು, ಸುಳ್ಳು ಯಾಕೆ ಬರೆಯಲಿ. ಕಣ್ಣು ಹೋದ ಬಡಗಿ ಏನು ಮಾಡುತ್ತಾನೆ? ಇನ್ನೊಬ್ಬರು ಮಾಡಿದ ಕುರ್ಚಿಯ ಮೇಲೆ ಕೂತುಕೊಳ್ಳುತ್ತಾನೆ.

ಆದರೆ ಡಾಕ್ಟರಿಗೆ ಮುಂಚೆ ನನ್ನದೇ ಒಂದು ಪರೀಕ್ಷೆ ಇದೆ. ಉದ್ದನೆಯ ಹಲಗೆಯ ತುದಿಯನ್ನು ಕೆನ್ನೆಯ ಮಟ್ಟಕ್ಕೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಅಂಚಿನ ಮೇಲೆ ಆಚೆ ತುದಿಯವರೆಗೂ ನೋಟ ಹರಿಸಬೇಕು. ಕೂದಲೆಳೆಯಷ್ಟು ಸೊಟ್ಟ ಇದ್ದರೂ ಕಾಣುತ್ತದೆ. ಅಪ್ಪ ಕಲಿಸಿದ್ದು, ಕೈಗೆ ಉಳಿ ಕೊಡುವ ಮೊದಲೇ ಕಲಿಸಿದ್ದು. ಹಾಗೆ ನೋಡಿದೆ. ಒಂದೇ ಅಂಚು. ನೂಲು ಎಳೆದು ಕಟ್ಟಿದ ಹಾಗೆ. ಅದೂ ನೋಯುತ್ತಿರುವ ಕಣ್ಣಿನಲ್ಲೇ. ಜೀವ ಬಂತು. ಕಣ್ಣಿಗೆ ಏನೂ ಆಗಿಲ್ಲ, ಬರೀ ಆಯಾಸ.

"ಕಣ್ಣು ಯಾಕಣ್ಣ ಹಂಗೆ ಕಿರಿದು ಮಾಡ್ತಿದೀಯ?" ಅಂದ ತಮ್ಮ.

"ಪುಡಿ ಬಿತ್ತು" ಅಂದೆ.

ಮಾರ್ಚ್ 6, ಗುರುವಾರ

ತಮ್ಮನ ಬೆರಳು ಹೋಯಿತು. ಎಡಗೈಯ ನಡುಬೆರಳು, ಮೇಲಿನ ಗೆಣ್ಣಿನವರೆಗೆ.

ಬರೆಯಲಾರೆ.

ಮಾರ್ಚ್ 7, ಶುಕ್ರವಾರ

ಬರೆದರೆ ಹಗುರಾಗಬಹುದು ಅಂತ ಕೂತಿದ್ದೇನೆ.

ನಿನ್ನೆ, ಶಾಲೆಯವರು ಮಾಡಲು ಹೇಳಿದ್ದ ಕಪಾಟಿಗೆ ಹಲಗೆ ಸೀಳುತ್ತಿದ್ದೆವು. ಸೀಸದ ಗೆರೆ ನನಗೆ ಎರಡಾಗಿ ಕಾಣುತ್ತಿತ್ತು. ಬೆಳಿಗ್ಗೆ ತಾನೇ ಹಲಗೆ ಹಿಡಿದು ನೋಡಿಕೊಂಡಿದ್ದೆ, ಅಂಚು ಒಂದೇ ಇತ್ತು. ಹಾಗಾಗಿ ಎರಡರಲ್ಲಿ ನಿಜವಾದ ಗೆರೆ ಯಾವುದೆಂದು ನನಗೆ ಗೊತ್ತಿದೆ ಅಂತಲೇ ನೂಕಿದೆ.

"ಅಣ್ಣ, ಗೆರೆ ಬಿಡ್ತಿದೀಯ" ಅಂದ ಆಚೆಯಿಂದ.

"ನೀನು ಎಳಿ. ಗೆರೆ ನಂಗೆ ಬಿಡು" ಅಂದೆ.

ಓರೆಯಾದ ಹಲಗೆ ಗರಗಸದ ಹಲ್ಲಿಗೆ ಸಿಕ್ಕಿಕೊಂಡಿತು, ಒದ್ದ ಹಾಗೆ ಹಿಂದಕ್ಕೆ ಹಾರಿತು. ನನ್ನ ಹೊಟ್ಟೆಗೆ ಬಡಿಯಿತು. ಆಚೆ ತುದಿಯನ್ನು ಬಿಗಿಯಾಗಿ ಹಿಡಿದಿದ್ದ ತಮ್ಮನ ಕೈ ಹಲಗೆಯ ಜೊತೆಗೇ ಗರಗಸದ ಕಡೆಗೆ ಬಂತು. ನನಗೆ ಹೊಟ್ಟೆಯ ಮೇಲೆ ಒಂದು ಬಾಸುಂಡೆ. ಅವನಿಗೆ ಬೆರಳು.

ಹೊಲಿಗೆ ಹಾಕುವಾಗ ಅವನ ಮುಖ ಸುಣ್ಣದ ಹಾಗಾಗಿತ್ತು. ಆದರೂ ಅಂದ, "ಬಿಡಣ್ಣ, ಉಂಗುರದ ಬೆರಳಂತೂ ಅಲ್ಲ. ಹೆಣ್ಣು ಕೊಡೋರು ಬಂದ್ರೆ ತೋರಿಸೋಕೆ ಒಂದು ಉಳಿದಿದೆ." ನಾನು ನಗುವ ಹಾಗೆ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಹಲಗೆಯಲ್ಲಿ ಗಂಟು ಇತ್ತೇನಣ್ಣ? ಗಂಟಿಗೆ ಸಿಕ್ಕಿರಬೇಕು."

"ಇದ್ದಿರಬೇಕು" ಅಂದೆ.

ಇವತ್ತು ಬೆಳಿಗ್ಗೆ ಎದ್ದರೆ ಬಲಗಣ್ಣಿನ ರೆಪ್ಪೆ ಮೇಲೇಳಲಿಲ್ಲ. ಅಂಗಡಿಯ ಕದ ಅರ್ಧ ಎಳೆದ ಹಾಗೆ ಇತ್ತು, ಮಧ್ಯಾಹ್ನದ ಹೊತ್ತಿಗೆ ಪೂರಾ ಮುಚ್ಚಿತು. ಒಂದು ಅನುಕೂಲ, ಈಗ ಎರಡೆರಡು ಕಾಣುವುದಿಲ್ಲ. ಒಂದೇ ನಲ್ಲಿ, ಒಬ್ಬಳೇ ಹೆಂಡತಿ. ಅವಳು ಕನ್ನಡಿ ತಂದು ಹಿಡಿದಳು. ನೋಡಿಕೊಂಡು ವಾಪಸು ಕೊಟ್ಟೆ.

ಮಾರ್ಚ್ 8, ಶನಿವಾರ

ಬೀದಿಯ ತುದಿಯ ದವಾಖಾನೆಗೆ ಹೋದೆವು. ಕೈಯ ಪಟ್ಟಿ ಬದಲಾಯಿಸಲು ತಮ್ಮನೂ ಬರಬೇಕಿತ್ತು, ಮೂವರೂ ಒಟ್ಟಿಗೆ. ಕಾಯುವವರ ಬೆಂಚಿನ ಕಾಲು ಕುಂಟುತ್ತಿತ್ತು. ಬೇರೆ ದಿನವಾಗಿದ್ದರೆ ತಮ್ಮ ಒಂದು ಚಕ್ಕೆ ಸಿಕ್ಕಿಸಿ ಸರಿ ಮಾಡುತ್ತಿದ್ದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿದರು. ಎತ್ತಿದ ಕೂಡಲೇ ಇಬ್ಬರು ಡಾಕ್ಟರಮ್ಮಂದಿರು. ಗುಡ್ಡೆ ಹೊರಗಡೆಗೆ, ಕೆಳಕ್ಕೆ ಜಾರಿ ಕೂತಿದೆಯಂತೆ. ಒಳಕ್ಕೆ ನೋಡಿ ಅಂದರೆ ಬರಲಿಲ್ಲ, ಮೇಲಕ್ಕೆ ಅಂದರೆ ಬರಲಿಲ್ಲ. ಕೈ ಮುಂದೆ ಚಾಚಿಸಿದರು, ಹಲ್ಲು ಕಿರಿಸಿದರು, ನಡೆಸಿದರು. ಅಗಿಯುವಾಗ ದವಡೆ ನೋಯುತ್ತದಾ, ತಲೆ ಬಾಚುವಾಗ ನೆತ್ತಿ ನೋಯುತ್ತದಾ ಅಂತ ಕೇಳಿದರು.

"ಬಾಚೋಕೆ ಅಲ್ಲಿ ಏನಿದೆ ಡಾಕ್ಟ್ರೇ?" ಅಂದ ತಮ್ಮ. ಅವರೂ ನಕ್ಕರು.

ಆಮೇಲೆ ಟಾರ್ಚು ಹಾಕಿ ಹಾಕಿ ತೆಗೆದರು. ಕರಿಗುಡ್ಡೆಯ ನಡುವೆ ಇರುವ ಪಾಪೆ ಬೆಳಕಿಗೆ ಸಣ್ಣದಾಗುತ್ತದಾ ಅಂತ ನೋಡುವುದಂತೆ. ಎರಡೂ ಕಣ್ಣಲ್ಲಿ ಸಣ್ಣದಾಯಿತು. ಅವರ ಹೆಗಲು ಸ್ವಲ್ಪ ಇಳಿಯಿತು. ಆಗ ತಿಳಿಯಿತು, ಅಲ್ಲಿಯವರೆಗೆ ಅವರೂ ಹೆದರಿದ್ದರು.

ಬೆರಳು ಚುಚ್ಚಿ ಶುಗರ್ ನೋಡಿದರು. ಗುಳಿಗೆಯ ವಿಷಯ ಹೆಂಡತಿಯ ಮುಂದೆಯೇ ಬಯಲಾಯಿತು. ಅವಳು ಸೆರಗಿನ ತುದಿ ನೋಡುತ್ತ ಕೂತಳು.

"ಕಣ್ಣನ್ನ ಆಡಿಸೋಕೆ ಒಂದು ನರ ಇದೆ" ಅಂದರು ಡಾಕ್ಟರಮ್ಮ. "ಅದಕ್ಕೆ ರಕ್ತ ಕೊಡೋ ಸಣ್ಣ ನಾಳ ಶುಗರ್‌ನಿಂದ ಕಟ್ಟಿಕೊಂಡಿದೆ. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತಾನೇ ವಾಪಸು ಬರುತ್ತೆ. ಕಣ್ಣಿಗೆ ಹಾಕೋ ಔಷಧಿ ಯಾವುದೂ ಇಲ್ಲ. ಔಷಧಿ ಶುಗರ್‌ಗೆ, ಬಿಪಿಗೆ. ಇವತ್ತು ರಕ್ತ ತಗೋತೀನಿ. ಆದ್ರೆ ಈ ವಾರ ಪೂರ್ತಿ ದಿನಾ ಪಾಪೆ ನೋಡ್ಬೇಕು. ಅದು ದೊಡ್ಡದಾಗಿ ಬೆಳಕಿಗೆ ಸಣ್ಣ ಆಗ್ದೇ ಹೋದ್ರೆ, ಇಲ್ಲಾ ತಲೆ ಸಿಡಿಯೋ ಹಾಗೆ ನೋವು ಬಂದ್ರೆ, ಆಗ ಇದು ಬೇರೇನೇ. ತಲೆಯೊಳಗಿನ ರಕ್ತನಾಳ ಉಬ್ಬಿ ನರಾನ ಒತ್ತುತ್ತಿರಬಹುದು. ನನ್ನ ಹತ್ರ ಬರೋದು ಬೇಡ, ನೇರ ದೊಡ್ಡಾಸ್ಪತ್ರೆಗೆ ಓಡ್ಬೇಕು. ಮನೇಲಿ ಯಾರು ನೋಡ್ತೀರಾ?"

"ಅಯ್ಯೋ, ರೆಪ್ಪೆ ಎತ್ತೋಕೆ ನನ್ನ ಕೈ ನಡುಗುತ್ತೆ" ಅಂದಳು ಹೆಂಡತಿ.

"ನಾನು ನೋಡ್ತೀನಿ ಅತ್ತಿಗೆ. ಒಂಬತ್ತೂವರೆ ಬೆರಳಿದೆಯಲ್ಲ" ಅಂದ ತಮ್ಮ.

ಆಮೇಲೆ ಡಾಕ್ಟರಮ್ಮ ಬರೆದುಕೊಳ್ಳುತ್ತ ಕೇಳಿದರು, "ಎರಡೆರಡು ಕಾಣೋಕೆ ಶುರುವಾಗಿದ್ದು ಯಾವತ್ತು? ಮೊದಲೇ ಬರಲಿಲ್ಲ ಯಾಕೆ?"

ನನ್ನನ್ನು ಉದಾಸೀನದವನು ಅಂದುಕೊಂಡಾರು ಅನ್ನಿಸಿತು. ನನ್ನ ಪರೀಕ್ಷೆಯನ್ನು ವಿವರವಾಗಿ ಹೇಳಿದೆ. ಹಲಗೆ ಎತ್ತುವುದು, ಕಣ್ಣು ಮುಚ್ಚುವುದು, ಅಂಚು ನೋಡುವುದು. "ಮಂಗಳವಾರದಿಂದ ದಿನಾ ನೋಡ್ಕೊಂಡಿದೀನಿ ಡಾಕ್ಟ್ರೇ, ಬಿಟ್ಟಿಲ್ಲ. ಗುರುವಾರ ಬೆಳಿಗ್ಗೇನೂ ನೋಡಿದೆ. ಅಂಚು ಒಂದೇ ಕಂಡಿದ್ದು."

"ಒಂದು ಕಣ್ಣು ಮುಚ್ಚಿದ್ರೆ ಯಾರಿಗೂ ಒಂದೇ ಕಾಣೋದು ಮೇಸ್ತ್ರಿಗಳೇ" ಅಂದರು ಅವರು, ಬೈಯದೆ. "ನಿಮ್ಮ ಒಂದೊಂದು ಕಣ್ಣೂ ಚೆನ್ನಾಗೇ ಇದೆ. ಎರಡೂ ಸೇರಿ ಒಂದು ಕಡೆ ನೋಡೋದು ತಪ್ಪಿದೆ. ನೀವು ಕೆಡದೇ ಇರೋದನ್ನ ಪರೀಕ್ಷೆ ಮಾಡಿದ್ರಿ."

"ಮಂಗಳವಾರದಿಂದಾನಾ?" ಅಂದ ತಮ್ಮ. ಮೆಲ್ಲಗೆ ಅಂದ.

"ಹೂಂ ಕಣೋ" ಅಂದೆ.

ಅವನು ಕೈಯ ಪಟ್ಟಿಯಲ್ಲಿ ಎದ್ದಿದ್ದ ಒಂದು ಎಳೆಯನ್ನು ಎಳೆಯುತ್ತ ಕೂತ. ಡಾಕ್ಟರಮ್ಮ ಪಾಪೆ ನೋಡುವುದನ್ನು ಅವನಿಗೆ ಕಲಿಸಿದರು. ಟಾರ್ಚು ತೆಗೆದುಕೊಂಡ. ನನಗೆ ಒಂದು ಮಾತೂ ಅನ್ನಲಿಲ್ಲ. ಒಳ್ಳೆಯ ಮನಸ್ಸು ಅವನದು.

ಮಾರ್ಚ್ 10, ಸೋಮವಾರ

ತಮ್ಮ ಬೆಳಿಗ್ಗೆ ಬರುತ್ತಾನೆ. ಕಿಟಕಿಯ ಕಡೆಗೆ ಬೆನ್ನು ಮಾಡಿ ಕೂರಿಸುತ್ತಾನೆ. ಬಲಗೈ ಹೆಬ್ಬೆರಳಿನಿಂದ ರೆಪ್ಪೆ ಎತ್ತುತ್ತಾನೆ, ಪಟ್ಟಿ ಕಟ್ಟಿದ ಕೈಯಲ್ಲಿ ಹೇಗೋ ಟಾರ್ಚು ಹಿಡಿಯುತ್ತಾನೆ. ಅವನ ಹೆಬ್ಬೆರಳಿಗೆ ಮರದ ವಾಸನೆ. ಕೂದಲಷ್ಟೂ ನೋಯಿಸುವುದಿಲ್ಲ. "ಸಣ್ಣ ಆಯ್ತು" ಅನ್ನುತ್ತಾನೆ, ಹೋಗುತ್ತಾನೆ.

ಮಧ್ಯಾಹ್ನದ ಊಟ ಕಾರ್ಖಾನೆಗೇ ಕಳಿಸಿ ಅಂದನಂತೆ. ಶಾಲೆಯ ಕೆಲಸ ಹಿಂದೆ ಬಿದ್ದಿದೆ, ಪಾಪ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ಟಾರ್ಚು ಹಿಡಿದಿದ್ದಾಗ ಏನಾದರೂ ಮಾತು ಬೇಕಲ್ಲ, ಅಜ್ಜಿಯ ಕಥೆ ಎತ್ತಿದೆ. ಇವನು ಚಿಕ್ಕವನಿದ್ದಾಗ ಅಜ್ಜಿ ಕಥೆ ಹೇಳಿದರೆ ಹ್ಞೂಂಗುಟ್ಟುವ ಕೆಲಸ ಇವನದೇ. ಹ್ಞೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. ಅಜ್ಜಿ ಹೋದ ಮೇಲೆ ನಾನು ಹೇಳುತ್ತಿದ್ದೆ, ಇವನು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಗಣ್ಣಲ್ಲೂ ಹ್ಞೂಂ ಅನ್ನುತ್ತಿದ್ದ.

"ಒಂದಾನೊಂದು ಊರಲ್ಲಿ ಒಬ್ಬ ದೊರೆ ಇದ್ದನಂತೆ. ಅವನಿಗೆ ಒಂದು ದಿನ ಆಕಾಶದಲ್ಲಿ ಎರಡು ಚಂದ್ರ ಕಂಡ್ವಂತೆ. ನನ್ನ ರಾಜ್ಯದ ಮೇಲೆ ಎರಡು ಚಂದ್ರ ಯಾಕೆ, ಒಂದು ಕಳ್ಳ ಚಂದ್ರ ಇರ್ಬೇಕು ಅಂತ ಬಿಲ್ಲು ತಗೊಂಡನಂತೆ. ಮಂತ್ರಿ ಬೇಡ ಅಂದನಂತೆ. ಯಾವುದು ಕಳ್ಳ ಅಂತ ನಂಗೊತ್ತು ಅಂದು ಬಾಣ ಬಿಟ್ಟನಂತೆ. ಅದು ಹೋಗಿ ನಿಜವಾದ ಚಂದ್ರನಿಗೇ ತಾಗ್ತಂತೆ. ಆವತ್ತಿಂದ ಚಂದ್ರನ ಮೈಮೇಲೆ ಕಲೆ."

ತಮ್ಮ ಹ್ಞೂಂ ಅನ್ನಲಿಲ್ಲ. ಟಾರ್ಚು ಆರಿಸಿದ. ಹೆಬ್ಬೆರಳು ರೆಪ್ಪೆಯ ಮೇಲೆ ಹಾಗೇ ಇತ್ತು.

"ಆಮೇಲೆ ದೊರೆ ಚಂದ್ರನಿಗೆ ಏನಂದ?" ಅಂತ ಕೇಳಿದ.

"ಏನಂತಾನೋ? ಕಥೆ ಅಲ್ಲಿಗೆ ಮುಗೀತು" ಅಂದೆ.

"ಸಣ್ಣ ಆಯ್ತು" ಅಂದು ರೆಪ್ಪೆ ಬಿಟ್ಟ.

ಮಾರ್ಚ್ 15, ಶನಿವಾರ

ವಾರ ಮುಗಿಯಿತು, ಪಾಪೆ ಕೆಡಲಿಲ್ಲ. ರಕ್ತದ ಪರೀಕ್ಷೆಯಲ್ಲೂ ಹೆದರುವಂಥದ್ದಿಲ್ಲ. ಇನ್ನು ದಿನಾ ಟಾರ್ಚು ಬೇಡ ಅಂದರು ಡಾಕ್ಟರಮ್ಮ. ಕಣ್ಣಿನ ಒಳಪರದೆಯನ್ನು ಮಾತ್ರ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ನೋಡಿಸಬೇಕಂತೆ. ನಡುವೆ ಕನ್ನಡಕದ ಅಂಗಡಿಯವನು ಬೀದಿಯಲ್ಲೇ ಹಿಡಿದು, "ಬನ್ನಿ, ಪಾಪೆ ಅಗಲಿಸೋ ಹನಿ ಹಾಕಿ ನಂಬರ್ ನೋಡ್ತೀನಿ" ಅಂದಿದ್ದ. ಅದನ್ನು ಹೇಳಿದಾಗ ಡಾಕ್ಟರಮ್ಮ ಹಣೆ ಒತ್ತಿಕೊಂಡರು. "ಪಾಪೆ ಕಾಯ್ತಾ ಕೂತಿದ್ದ ವಾರದಲ್ಲೇ ಅದನ್ನ ಅಗಲಿಸಿದ್ರೆ ನಾನು ಏನನ್ನ ನೋಡ್ಲಿ ಮೇಸ್ತ್ರಿಗಳೇ?"

ತಮ್ಮನಿಗೆ ಹೇಳಿದೆ, ನಾಳೆಯಿಂದ ಬೆಳಿಗ್ಗೆ ಬರುವುದು ಬೇಡ ಅಂತ. "ಆಯ್ತು" ಅಂದು ಟಾರ್ಚನ್ನು ಮೇಜಿನ ಮೇಲಿಟ್ಟ.

ಮಾರ್ಚ್ 23, ಭಾನುವಾರ

ಮನೆಯೊಳಗಿನಿಂದ ಕಾರ್ಖಾನೆ ಕೇಳುತ್ತದೆ. ಗರಗಸ ಒಬ್ಬನ ಕೈಯಲ್ಲಿದ್ದಾಗ ಸದ್ದೇ ಬೇರೆ. ಅರ್ಧಕ್ಕೆ ನಿಲ್ಲುತ್ತದೆ, ಅವನು ಸುತ್ತು ಹಾಕಿ ಆಚೆ ಹೋಗುತ್ತಾನೆ, ಮತ್ತೆ ಶುರುವಾಗುತ್ತದೆ. ಇತ್ತೀಚೆಗೆ ಆ ನಿಲುಗಡೆಯೂ ಇಲ್ಲ. ಅದೇನು ಉಪಾಯ ಮಾಡಿಕೊಂಡನೋ.

ಒಂದು ಕಣ್ಣಿನಲ್ಲಿ ಮೆಟ್ಟಿಲು ಎಲ್ಲಿದೆ ಅಂತ ಕಾಲಿಗೆ ಗೊತ್ತಾಗುವುದಿಲ್ಲ. ನಿನ್ನೆ ಹೊಸಿಲು ಎಡವಿದೆ. ಬಡಗಿ ತಾನು ಹಾಕಿದ ಹೊಸಿಲನ್ನೇ ಎಡವುವುದು.

ಗುಳಿಗೆ ತಪ್ಪಿಸಿಲ್ಲ. ಹೆಂಡತಿ ಬಾಯಿ ತೆರೆಸಿ ನೋಡುತ್ತಾಳೆ.

ಏಪ್ರಿಲ್ 6, ಭಾನುವಾರ

ರೆಪ್ಪೆಯ ಕೆಳಗೆ ಒಂದು ಎಳೆಯಷ್ಟು ಬೆಳಕು ಬಂತು. ಕುಣಿದಾಡುವ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಇನ್ನೂ ತೆರೆಯಿತು. ತೆರೆದದ್ದೇ ತಡ, ಮತ್ತೆ ಎರಡು ಬಾಗಿಲು, ಎರಡು ದೀಪ, ಎರಡು ಗೋಡೆ ಗಡಿಯಾರ. ಹೊಟ್ಟೆಯಲ್ಲಿದ್ದದ್ದು ವಾಂತಿಯಾಯಿತು.

ಹೋಯಿತು. ಮೊದಲಿಗಿಂತ ಕೆಟ್ಟಿತು. ಇನ್ನು ಗರಗಸದ ಮುಂದೆ ನಾನು ನಿಲ್ಲುವುದಿಲ್ಲ. ಅಪ್ಪನ ಉಳಿಗಳನ್ನು ಪೆಟ್ಟಿಗೆಗೆ ಹಾಕಿಟ್ಟೆ. ಒಂದೊಂದೂ ಎರಡೆರಡಾಗಿ ಕಂಡಿತು. ಅಪ್ಪನಿಗೂ ಇಷ್ಟೊಂದು ಉಳಿ ಇರಲಿಲ್ಲ.

ಏಪ್ರಿಲ್ 7, ಸೋಮವಾರ

"ಇದು ಒಳ್ಳೇ ಸುದ್ದಿ" ಅಂದರು ಡಾಕ್ಟರಮ್ಮ. ನನಗೆ ಸಿಟ್ಟು ಬಂತು.

"ಇಷ್ಟು ದಿನ ಕದ ಮುಚ್ಚಿತ್ತು, ಅದಕ್ಕೆ ಎರಡು ಕಾಣ್ತಿರಲಿಲ್ಲ. ಒಳಗೆ ಎರಡು ಇದ್ದೇ ಇತ್ತು. ಈಗ ಕದ ತೆಗೀತಿದೆ. ರೆಪ್ಪೆ ಮೊದಲು ಬರ್ತಿದೆ, ಗುಡ್ಡೆ ಹಿಂದಿಂದ ಬರುತ್ತೆ. ಅಲ್ಲಿವರೆಗೆ ಒಂದು ಕಣ್ಣಿಗೆ ಪಟ್ಟಿ ಹಾಕ್ಕೊಳ್ಳಿ. ಮಷಿನ್ ಹತ್ರ ಹೋಗ್ಬೇಡಿ, ಗಾಡಿ ಓಡಿಸ್ಬೇಡಿ."

ಮನೆಗೆ ಬಂದು ತಮ್ಮನಿಗೆ ಹೇಳಲು ಕಾರ್ಖಾನೆಯ ಬಾಗಿಲವರೆಗೆ ಹೋದೆ. "ಮುಚ್ಚಿದ್ದು ತೆರೀವಾಗ ಹಿಂಗೇ ಅಂತೆ ಕಣೋ" ಅಂದೆ. "ಒಳ್ಳೇದಾಯ್ತು ಬಿಡಿ" ಅಂದ, ಹಲಗೆ ನುಣುಪು ಮಾಡುತ್ತಿದ್ದ ಕೀಸುಳಿ ನಿಲ್ಲಿಸದೆ.

ಇತ್ತೀಚೆಗೆ ನನಗೆ ಬಹುವಚನ ಹಚ್ಚಿದ್ದಾನೆ. ವಯಸ್ಸಾಯಿತಲ್ಲ ನನಗೆ, ಗೌರವ ಕೊಡಬೇಕು ಅನ್ನಿಸಿರಬೇಕು.

ಏಪ್ರಿಲ್ 20, ಭಾನುವಾರ

ಹೆಂಡತಿಯ ಜೊತೆ ಜಗಳ.

"ಅವನ ಹತ್ರ ಒಂದು ಮಾತು ಹೇಳಿ" ಅಂದಳು.

"ಯಾವ ಮಾತು?"

"ನಿಮಗೇ ಗೊತ್ತು."

"ಅಣ್ಣತಮ್ಮಂದಿರ ನಡುವೆ ಏನು ಮಾತು ಬೇಕೇ? ಅವನೇ ಏನೂ ಅಂದಿಲ್ಲ. ಮುಗಿದದ್ದನ್ನ ಕೆದಕ್ತೀಯಾ?"

"ಅವನು ದವಾಖಾನೆಗೆ ಹೋದ ದಿನಾನೇ ನನ್ನ ಕೇಳಿದ. ಅತ್ತಿಗೆ, ಅಣ್ಣನಿಗೆ ಮೊದಲೇ ಎರಡು ಕಾಣ್ತಿತ್ತು ಅಂತ ನಿಮಗೂ ಗೊತ್ತಿತ್ತಾ ಅಂತ. ನಾನು ನೀರು ಚೆಲ್ಲಿದ್ದನ್ನ ಹೇಳಿದೆ. ಹೇಳಿ, ನಾನೂ ಸುಮ್ನೆ ಇದ್ದೆ ಕಣಪ್ಪಾ ಅಂತ ಕೈ ಹಿಡ್ಕೊಂಡು ಅತ್ತೆ. ನಾನು ಅತ್ತಾಯ್ತು. ನೀವು?"

ನೀರು ಚೆಲ್ಲಿದ್ದನ್ನೆಲ್ಲ ಊರಿಗೆ ಹೇಳಿಕೊಂಡು ಬರುವ ಹೆಂಗಸು. ಊಟ ಮಾಡದೆ ಮಲಗಿದೆ.

ಮಲಗಿದರೆ ಆ ಹಲಗೆಯೇ ಕಾಣುತ್ತದೆ. ಮುಚ್ಚಿದ ಕಣ್ಣಿನಲ್ಲಿ ಒಂದೇ ಹಲಗೆ.

ಮೇ 11, ಭಾನುವಾರ

ಗುಡ್ಡೆ ಒಳಗೆ ಸರಿಯುತ್ತಿದೆ. ಎರಡು ನಲ್ಲಿಗಳು ಒಂದಕ್ಕೊಂದು ಅಂಟಿಕೊಳ್ಳುವಷ್ಟು ಹತ್ತಿರ. ಓರೆಯಾಗಿ ನೋಡಿದರೆ ಮಾತ್ರ ಬೇರೆಯಾಗುತ್ತವೆ.

ಶಾಲೆಯವರು ಇನ್ನಷ್ಟು ಕಪಾಟು ಬೇಕೆಂದು ಬಂದಿದ್ದರು. ನಾನು ಜಗಲಿಯಲ್ಲೇ ಕೂತಿದ್ದೆ. ನಮಸ್ಕಾರ ಹಾಕಿ, ಆರೋಗ್ಯ ವಿಚಾರಿಸಿ, ಅಳತೆ ಮಾತಾಡಲು ಒಳಗೆ ತಮ್ಮನ ಹತ್ತಿರ ಹೋದರು. ಬಿಸಿಲು ಬಹಳ.

ಮೇ 30, ಶುಕ್ರವಾರ

ಡಾಕ್ಟರಮ್ಮ ಬೆರಳು ಹಿಡಿದು ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಆಡಿಸಿದರು. ಎಲ್ಲ ಕಡೆಗೂ ಒಂದೇ ಬೆರಳು. ಒಂದು ಕಣ್ಣು ಮುಚ್ಚಿಸಿದರು, ಇನ್ನೊಂದು ಮುಚ್ಚಿಸಿದರು, ಎರಡೂ ತೆರೆಸಿದರು. ಒಂದೇ. ಶುಗರ್ ಕೂಡ ಹತೋಟಿಯಲ್ಲಿದೆ. "ಗುಳಿಗೆ ಬಿಟ್ರೆ ಇದು ಇನ್ನೊಂದು ಕಣ್ಣಿಗೂ ಬರಬಹುದು" ಅಂದರು. "ಇನ್ನು ಕೆಲಸ ಮಾಡಬಹುದು."

"ತಮ್ಮ ಹೇಗಿದ್ದಾರೆ?" ಅಂತಲೂ ಕೇಳಿದರು.

"ಚೆನ್ನಾಗಿದ್ದಾನೆ" ಅಂದೆ. ಹೇಳುವಾಗ ಗೊತ್ತಾಯಿತು, ನನಗೆ ಗೊತ್ತಿಲ್ಲ.

ವಾಪಸು ಬರುವಾಗ ಬೀದಿ, ಕಂಬ, ಗೋಡೆ ಎಲ್ಲವೂ ಒಂದೊಂದೇ ಆಗಿ ನಿಂತಿದ್ದವು. ಇಷ್ಟು ದಿನ ಕಾದದ್ದು ಇದಕ್ಕೇ. ಹೆಂಡತಿ ಏನಾದರೂ ಸಿಹಿ ಮಾಡಲಾ ಅಂದಳು, ಆಮೇಲೆ ನೆನಪಾಗಿ ಸುಮ್ಮನಾದಳು. ಇಬ್ಬರಿಗೂ ನಗು ಬರಬೇಕಿತ್ತು.

ಜೂನ್ 2, ಸೋಮವಾರ

ಇವತ್ತು ಕಾರ್ಖಾನೆಗೆ ಹೋದೆ.

ತಮ್ಮ ಗುಡಿಸುತ್ತಿದ್ದ. "ಬನ್ನಿ" ಅಂದ. ನನ್ನ ಜಾಗ ಹಾಗೇ ಇತ್ತು. ಅಪ್ಪನ ಉಳಿಗಳನ್ನು ಪೆಟ್ಟಿಗೆಯಿಂದ ತೆಗೆದು ಸಾಣೆ ಹಿಡಿದು ಸಾಲಾಗಿ ಇಟ್ಟಿದ್ದ. ಮಷಿನ್ ಗರಗಸದ ಈಚೆ ಹೋಗಿ ನಿಂತೆ. ತಲೆ ಎತ್ತಿ ಆಚೆ ನೋಡಿದೆ.

ಆಚೆ ಅವನು ನಿಲ್ಲುತ್ತಿದ್ದ ಕಡೆ ಒಂದು ಮರದ ಸ್ಟ್ಯಾಂಡ್ ಇತ್ತು. ಮೇಲೆ ಅಡ್ಡವಾಗಿ ಒಂದು ಉರುಳೆ. ಈಚೆಯಿಂದ ನೂಕಿದ ಹಲಗೆಯ ತುದಿ ಅದರ ಮೇಲೆ ಉರುಳಿಕೊಂಡು ಹೋಗುತ್ತದೆ. ಕೆಳಗೆ ಬೀಳುವುದಿಲ್ಲ, ಎಳೆಯಲು ಯಾರೂ ಬೇಕಾಗಿಲ್ಲ. ಮನೆಯೊಳಗೆ ಕೂತು ಕೇಳಿದ್ದ, ನಡುವೆ ನಿಲ್ಲದ ಸದ್ದಿನ ಉಪಾಯ ಇದು.

"ಯಾವಾಗ ಮಾಡಿದೆ?"

"ಮಾರ್ಚ್‌ನಲ್ಲೇ. ಒಬ್ಬನೇ ಕೆಲಸ ಮಾಡ್ಬೇಕಿತ್ತಲ್ಲ."

"ಈಗ ನಾನು ಬಂದೆನಲ್ಲ."

"ನಿಮಗೂ ಅನುಕೂಲ" ಅಂದ. "ನಾನು ಬಾಗಿಲ ಕಡೆ ಕೀಸುಳಿ ಕೆಲಸ ನೋಡ್ಕೋತೀನಿ. ಹಲಗೆ ಇಲ್ಲಿ ನೀವೊಬ್ಬರೇ ಸೀಳಬಹುದು."

ಬಗ್ಗಿ ಉರುಳೆ ನೋಡಿದೆ. ತುಂಬ ಚೆನ್ನಾಗಿ ಮಾಡಿದ್ದಾನೆ. ಎಡಗಣ್ಣು ಮುಚ್ಚಿ ಮಟ್ಟ ನೋಡಿದೆ, ಕೂದಲೆಳೆಯಷ್ಟೂ ಏರುಪೇರಿಲ್ಲ. ಆಮೇಲೆ ಎರಡೂ ಕಣ್ಣು ತೆರೆದು ಅವನ ಕೈ ನೋಡಿದೆ. ಗಾಯ ಮಾಗಿದ ಮೇಲೆ ನಾನು ಆ ಕೈಯನ್ನು ನೋಡಿಯೇ ಇರಲಿಲ್ಲ. ತುದಿ ಗುಂಡಗಾಗಿದೆ. ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ಕೀಸುಳಿ ಹಿಡಿದಾಗ ಆ ಬೆರಳು ಮರಕ್ಕೆ ತಾಗದ ಹಾಗೆ ಎತ್ತಿಕೊಳ್ಳುತ್ತಾನೆ.

ತಿಂಗಳುಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದು ಅಷ್ಟೇ ಸಣ್ಣ ಮಾತು.

"ಆ ಹಲಗೆಯಲ್ಲಿ ಗಂಟು ಇರಲಿಲ್ಲ ಕಣೋ" ಅಂದೆ.

ಅವನು ಕೀಸುಳಿಯ ಬಾಯಲ್ಲಿ ಸಿಕ್ಕಿದ್ದ ಸುರುಳಿಯನ್ನು ಬಿಡಿಸಿ ತೆಗೆದ. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಕಾಲು ಹಿಡಿಯುತ್ತಿದ್ದೆ.

"ಗೊತ್ತು" ಅಂದ. "ಹೊಲಿಗೆ ಹಾಕಿಸ್ಕೊಂಡು ಬಂದ ದಿನಾನೇ ಆ ಹಲಗೆ ತೆಗೆದು ನೋಡಿದೆ."

ಅಂದರೆ ದವಾಖಾನೆಗೆ ಬಂದಾಗಲೂ ಗೊತ್ತಿತ್ತು. ಟಾರ್ಚು ಹಿಡಿದ ಅಷ್ಟೂ ಬೆಳಿಗ್ಗೆ, ರೆಪ್ಪೆಯನ್ನು ನೋಯಿಸದೆ ಎತ್ತಿದ ಅಷ್ಟೂ ಸಲ. ದೊರೆ ಏನಂದ ಅಂತ ಕೇಳಿದಾಗಲೂ.

"ಈಗಲಾದ್ರೂ ಆಚೆ ಬಂದು ನಿಲ್ಲೋ" ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಬಾಗಿಲ ಕಡೆಗೆ ಹೋಗಿ ಬೆನ್ನು ಮಾಡಿ ನಿಂತಿದ್ದ. ಆ ಹೆಗಲನ್ನು ನೋಡಿದರೆ ಅದು ಏನು ಹೇಳುತ್ತಿದೆ ಅಂತ ಮೊದಲೆಲ್ಲ ನನಗೆ ತಿಳಿಯುತ್ತಿತ್ತು.

ಗುಂಡಿ ಒತ್ತಿದೆ. ಹಲಗೆ ಇಟ್ಟು ನೂಕಿದೆ. ಗೆರೆ ಒಂದೇ ಇತ್ತು, ಗರಗಸ ಒಂದೇ ಇತ್ತು. ಹಲಗೆ ಗೆರೆ ಬಿಡದೆ ಸೀಳಿಕೊಂಡು ಹೋಗಿ ಆಚೆ ತುದಿಗೆ ಮುಟ್ಟಿತು. ಅಲ್ಲಿ ಉರುಳೆ ತಿರುಗುತ್ತ, ನಾನು ನೂಕಿದಷ್ಟು ಹೊತ್ತೂ, ಹ್ಞೂಂ ಅನ್ನುತ್ತಿತ್ತು.